ಅಪ್‌ಡೇಟ್ ಆದ ಮೇಲೆ ಕಾಯುವ ಲ್ಯಾಪ್‌ಟಾಪ್

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ಸಿದ್ದಾಪುರ ತಾಲೂಕಿನ ನಮ್ಮ ಮನೆಯ ಜಗುಲಿಯಲ್ಲಿ ಕೂತು ತಾಳಮದ್ದಳೆಯ ರೆಕಾರ್ಡಿಂಗ್ ಒಂದರಿಂದ ಫ್ಯಾನಿನ ಗರಗರ ತೆಗೆಯುತ್ತಿದ್ದೆ. ಹಿಂದಿನ ರಾತ್ರಿ ಲ್ಯಾಪ್‌ಟಾಪ್ ತಾನಾಗಿ ಬಂದ್ ಆಗಿ, ಕಪ್ಪು ಪರದೆಯ ಮೇಲೆ ಫರ್ಮ್‌ವೇರ್ ಅಪ್‌ಡೇಟ್ ನಡೆಯುತ್ತಿದೆ, ಚಾರ್ಜರ್ ತೆಗೆಯಬೇಡಿ ಎಂದು ತೋರಿಸಿ, ಸುಮಾರು ಹೊತ್ತಿನ ಮೇಲೆ ಮತ್ತೆ ಎದ್ದಿತ್ತು. ಒಂದು ಗಂಟೆಯ ಧ್ವನಿಗೆ 12 ನಿಮಿಷ ಸಾಕಾಗುತ್ತಿದ್ದ ಕೆಲಸ ಅವತ್ತು 40 ನಿಮಿಷ ಹಿಡಿಯಿತು. ಅಕ್ಕನ ಮಗ ಪಕ್ಕದಲ್ಲಿ ಕೂತು ನೋಡಿದವನು, “ಮಾವ, ಅಪ್‌ಡೇಟ್ ಆದ್ಮೇಲೆ ಬಿಸಿಯಾಗಿ ಸ್ಲೋ ಆಗೋಯ್ದು” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕೀಲಿಮಣೆಯ ಮೇಲೆ ಅಂಗೈ ಇಟ್ಟು ನೋಡಿದರೆ ಬಿಸಿಯೇ ಇರಲಿಲ್ಲ. ಯಂತ್ರ ತಣ್ಣಗಿತ್ತು, ಆದರೂ ನಿಧಾನವಾಗಿತ್ತು.

ಆ ತಣ್ಣನೆಯ ಕೀಲಿಮಣೆಯಿಂದ ಈ ಲೇಖನ ಹುಟ್ಟಿತು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಮರಳಿದ ಮಕ್ಕಳು ಮಾಳಿಗೆ, ಅಟ್ಟ, ನೆಟ್‌ವರ್ಕ್ ಸಿಗುವ ಗುಡ್ಡದ ತಲೆ ಎಂದು ಎಲ್ಲೆಲ್ಲೋ ಕೂತು ಕೆಲಸ ಮಾಡಿದರು. ಆಮೇಲೆ ಕೆಲವರು ಇಲ್ಲೇ ಉಳಿದರು. ಇವತ್ತು ತೋಟದ ಲೆಕ್ಕ, ಪದವಿ ಓದುವ ಮಕ್ಕಳ ಅಭ್ಯಾಸ, ದೂರದ ಕಂಪನಿಯ ನೌಕರಿ ಎಲ್ಲಕ್ಕೂ ಲ್ಯಾಪ್‌ಟಾಪ್ ಬೇಕು. ಅದು ಕೈಕೊಟ್ಟಾಗ ಪೇಟೆಯ ರಿಪೇರಿ ಅಂಗಡಿಯಲ್ಲಿ ಒಬ್ಬರು ಧೂಳು ಅನ್ನುತ್ತಾರೆ, ಇನ್ನೊಬ್ಬರು ಅಪ್‌ಡೇಟ್ ಅನ್ನುತ್ತಾರೆ, ಮತ್ತೊಬ್ಬರು ಕಂಪನಿಯವರ ಸಂಚು ಅನ್ನುತ್ತಾರೆ. ಪ್ರತಿಯೊಬ್ಬರ ಮಾತಿಗೂ ಒಂದು ಆಧಾರ ಇದೆ, ಒಂದು ಮಿತಿಯೂ ಇದೆ.

ಬಿಸಿಗೂ ವೇಗಕ್ಕೂ ಗಂಟು ಬಿದ್ದ ಬಗೆ

1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಜೊತೆಗಾರರು ಒಂದು ಸೂತ್ರ ಕೊಟ್ಟರು. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜನ್ನೂ ಇಳಿಸಬಹುದು, ಹಾಗಾಗಿ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿ ವೇಗ ಏರಿಸಿದರೂ ಬಿಸಿ ಏರುವುದಿಲ್ಲ ಎಂಬುದು ಅದರ ಸಾರ. ಮೂರು ದಶಕ ಉದ್ಯಮ ಇದರ ಮೇಲೆಯೇ ನಡೆಯಿತು. 2005ರ ಹೊತ್ತಿಗೆ ಸೂತ್ರ ಕೈಬಿಟ್ಟಿತು. ಟ್ರಾನ್ಸಿಸ್ಟರ್ ಎಷ್ಟು ತೆಳುವಾಯಿತೆಂದರೆ ಕೆಲಸವಿಲ್ಲದಾಗಲೂ ಕರೆಂಟು ಸೋರತೊಡಗಿತು, ವೋಲ್ಟೇಜ್ ಇಳಿಸುವ ಜಾಗ ಮುಗಿಯಿತು. ಇಂಟೆಲ್ 2004ರ ಅಕ್ಟೋಬರ್‌ನಲ್ಲಿ 4 ಗಿಗಾಹರ್ಟ್ಜ್ ಪೆಂಟಿಯಂ 4ರ ಯೋಜನೆಯನ್ನೇ ಕೈಬಿಟ್ಟಿತು. ಆ ಪೆಂಟಿಯಂ 3.8ಕ್ಕೇ ನಿಂತಿತು.

ಅದಕ್ಕೂ ಮೊದಲೇ ಚಿಪ್ಪಿಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ಬುದ್ಧಿ ಬಂದಿತ್ತು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣ ಆಟ ಓಡುತ್ತಿದ್ದ ಕಂಪ್ಯೂಟರಿನ ಪ್ರೊಸೆಸರ್ ಮೇಲಿಂದ, ಬಿಸಿ ಹೀರಿ ಹೊರಹಾಕುವ ಹೀಟ್‌ಸಿಂಕ್ ಕಿತ್ತು ತೆಗೆದು ಏನಾಗುತ್ತದೆಂದು ತೋರಿಸಿತು. ಎಎಂಡಿಯ ಅಥ್ಲಾನ್ ಸುಟ್ಟು ಹೊಗೆಯಾಡಿತು. ಪೆಂಟಿಯಂ 4 ವೇಗ ಇಳಿಸಿಕೊಂಡು ಕುಂಟುತ್ತಾ ಬದುಕಿ ಉಳಿಯಿತು. ಬಿಸಿಯಾದಾಗ ನಿಧಾನಿಸುವುದು ರೋಗವೆಂದು ನಾವು ಬೈಯುತ್ತೇವೆ. ಅದು ಹುಟ್ಟಿದ್ದು ರಕ್ಷಣೆಯಾಗಿ.

ವೇಗದ ದಾರಿ ಮುಚ್ಚಿದ ಮೇಲೆ ಉದ್ಯಮ ಎರಡು ದಾರಿ ಹಿಡಿಯಿತು. ಒಂದು, ಒಂದೇ ಚಿಪ್ಪಿನಲ್ಲಿ ಹೆಚ್ಚು ಕೋರ್, ಎಂದರೆ ಲೆಕ್ಕ ಮಾಡುವ ಘಟಕ. ಇಂಟೆಲ್‌ನ ಬೆಂಗಳೂರು ತಂಡವೇ ವಿನ್ಯಾಸ ಮಾಡಿ 2008ರಲ್ಲಿ ಹೊರಬಂದ ‘ಡನಿಂಗ್ಟನ್’ ಎಂಬ ಕ್ಸಿಯಾನ್ ಚಿಪ್ಪಿನಲ್ಲಿ ಆರು ಕೋರ್‌ಗಳಿದ್ದವು. ಇನ್ನೊಂದು ದಾರಿ ಟರ್ಬೊ: ತಣ್ಣಗಿರುವಾಗ ಸ್ವಲ್ಪ ಹೊತ್ತು ಓಡು, ಕಾದ ಮೇಲೆ ನಡೆ. ನಮ್ಮ ಇವತ್ತಿನ ಗೊಂದಲದ ಬೇರು ಈ ಎರಡನೆಯದರಲ್ಲಿದೆ. ಇಂಟೆಲ್ 2017ರಲ್ಲಿ ತಂದ, ಇವತ್ತಿಗೂ ಅನೇಕ ಮನೆಗಳಲ್ಲಿರುವ ಐ7-8550ಯು ಚಿಪ್ಪನ್ನೇ ತೆಗೆದುಕೊಳ್ಳಿ. ಗರಿಷ್ಠ ವೇಗ 4 ಗಿಗಾಹರ್ಟ್ಜ್, ಮೂಲ ವೇಗ 1.8. ಕಂಪನಿ 15 ವ್ಯಾಟ್‌ಗೆ ಭರವಸೆ ಕೊಡುವುದು ಈ ಎರಡನೆಯದಕ್ಕೆ ಮಾತ್ರ. ಅಂಗಡಿಯ ಚೀಟಿಯ ಮೇಲೆ ದೊಡ್ಡದಾಗಿ ಕಾಣುವುದು ಮೊದಲನೆಯದು. ನಡುವಿನ ಇಷ್ಟು ದೊಡ್ಡ ಅಂತರದಲ್ಲಿ ನಿಮ್ಮ ಯಂತ್ರ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಚಿಪ್ಪಲ್ಲ, ಫರ್ಮ್‌ವೇರ್.

ನಡುವೆ ಕೂತ ಫರ್ಮ್‌ವೇರ್

ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವೆ ಕೂತ ಪದರಕ್ಕೆ ಆಶರ್ ಓಪ್ಲರ್ ಎಂಬುವರು 1967ರಲ್ಲಿ ‘ಫರ್ಮ್‌ವೇರ್’ ಎಂದು ಹೆಸರಿಟ್ಟರು. ಲ್ಯಾಪ್‌ಟಾಪಿನಲ್ಲಿ ಅದು ಒಂದಲ್ಲ, ಕನಿಷ್ಠ ಮೂರು. ಯಂತ್ರವನ್ನು ಎಬ್ಬಿಸುವ ಬಯೋಸ್. ಫ್ಯಾನು, ಬ್ಯಾಟರಿ, ಚಾರ್ಜರ್ ನೋಡಿಕೊಳ್ಳುವ ಪುಟ್ಟ ಕಂಟ್ರೋಲರ್‌ನ ಪ್ರೋಗ್ರಾಂ. ಪ್ರೊಸೆಸರ್‌ನ ಒಳಗಿನ ಮೈಕ್ರೋಕೋಡ್. ‘ಅಪ್‌ಡೇಟ್ ಆಯಿತು’ ಎಂದಾಗ ಈ ಮೂರರಲ್ಲಿ ಯಾವುದು ಬದಲಾಯಿತೆಂದು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಮೊದಲು ಬಯೋಸ್ ಅಪ್‌ಡೇಟ್ ಎಂದರೆ ತಿಳಿದವರು ಧೈರ್ಯ ಮಾಡಿ ಮಾಡುವ ಕೆಲಸವಾಗಿತ್ತು. ನಡುವೆ ಕರೆಂಟು ಹೋದರೆ ಯಂತ್ರ ಏಳುತ್ತಲೇ ಇರಲಿಲ್ಲ. ಈಗ ಅದು ವಿಂಡೋಸ್ ಅಪ್‌ಡೇಟಿನ ಜೊತೆಯಲ್ಲೇ ಕೇಳದೆ ಬರುತ್ತದೆ.

ನಮ್ಮ ಕಡೆ ಅದು ಬರುವ ರೀತಿಯೂ ಬೇರೆ. ಬೆಂಗಳೂರಿನಲ್ಲಿ ಅಪ್‌ಡೇಟುಗಳು ಬಂದ ಹಾಗೆ ಒಂದೊಂದಾಗಿ ಸೇರುತ್ತವೆ. ಇಲ್ಲಿ ತಿಂಗಳುಗಟ್ಟಲೆ ಮೊಬೈಲಿನ ಅರೆಬರೆ ನೆಟ್‌ನಲ್ಲಿ ಬಾಕಿ ಉಳಿದದ್ದು, ಪೇಟೆಗೆ ಹೋದ ದಿನವೋ ಫೈಬರ್ ಬಂದ ದಿನವೋ ಒಟ್ಟಿಗೇ ಇಳಿಯುತ್ತದೆ. ವಿಂಡೋಸ್, ಡ್ರೈವರ್, ಆಂಟಿವೈರಸ್, ಫರ್ಮ್‌ವೇರ್ ಎಲ್ಲ ಒಂದೇ ರಾತ್ರಿ. ಮರುದಿನ ಆಂಟಿವೈರಸ್ ಇಡೀ ಡಿಸ್ಕನ್ನು ಜಾಲಾಡುತ್ತದೆ, ವಿಂಡೋಸ್ ತನ್ನ ಹುಡುಕುಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ, ಫ್ಯಾನ್ ಅರಚುತ್ತದೆ. ಒಂದೆರಡು ದಿನದಲ್ಲಿ ಇಳಿಯುವ ಈ ಬಿಸಿಯನ್ನು ನೋಡಿಯೇ ಅನೇಕರು ಫರ್ಮ್‌ವೇರ್‌ಗೆ ಶಾಪ ಹಾಕುತ್ತಾರೆ. ಹಾಗಾಗಿ ಅಪ್‌ಡೇಟ್ ಆದ ಮೊದಲ ಎರಡು ದಿನದ ದೂರನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅಂಕಿ ಬದಲಾಯಿತು ಎನ್ನುವವರು

ಮೊದಲ ಪಂಗಡ ಫರ್ಮ್‌ವೇರನ್ನೇ ಹಿಡಿಯುತ್ತದೆ. ಅದರೊಳಗೆ ಕೆಲವು ಅಂಕಿಗಳಿವೆ: ದೀರ್ಘಕಾಲ ಎಷ್ಟು ವ್ಯಾಟ್ ತಿನ್ನಬಹುದು, ಸ್ವಲ್ಪ ಹೊತ್ತಿಗೆ ಎಷ್ಟು, ಆ ‘ಸ್ವಲ್ಪ ಹೊತ್ತು’ ಎಂದರೆ ಎಷ್ಟು ಸೆಕೆಂಡು (28 ಎಂಬುದು ಸಾಮಾನ್ಯ ಅಂಕಿ), ಎಷ್ಟು ಡಿಗ್ರಿಗೆ ಫ್ಯಾನ್ ಏಳಬೇಕು, ಎಷ್ಟಕ್ಕೆ ವೇಗ ಇಳಿಯಬೇಕು. ಇದರಲ್ಲಿ ಒಂದು ಅಂಕಿ ತಿರುಗಿಸಿದರೆ ಅದೇ ಚಿಪ್ಪು, ಅದೇ ಫ್ಯಾನು ಇದ್ದೂ ಬೇರೆ ಯಂತ್ರವಾಗುತ್ತದೆ.

ಇದು ಬರಿಯ ಊಹೆಯಲ್ಲ. 2018ರ ಜುಲೈನಲ್ಲಿ ಆಪಲ್ ಹೊರತಂದ ಐ9 ಮ್ಯಾಕ್‌ಬುಕ್ ಪ್ರೊ, ವಿಡಿಯೊ ಕೆಲಸದಲ್ಲಿ ತನ್ನ ಮೂಲ ವೇಗವಾದ 2.9 ಗಿಗಾಹರ್ಟ್ಜ್‌ಗಿಂತಲೂ ಕೆಳಗೆ ಬೀಳುತ್ತಿದೆ ಎಂದು ಡೇವ್ ಲೀ ಎಂಬ ವಿಮರ್ಶಕ ತೋರಿಸಿಕೊಟ್ಟ. ಫ್ರೀಜರ್‌ನೊಳಗೆ ಇಟ್ಟಾಗ ಅದೇ ಯಂತ್ರ ಚೆನ್ನಾಗಿ ಓಡಿತು. ತೆಳು ಡಬ್ಬಿಯಲ್ಲಿ ಇಷ್ಟು ದೊಡ್ಡ ಚಿಪ್ಪು ತುರುಕಿದರೆ ಇನ್ನೇನಾಗುತ್ತದೆ ಎಂದು ಎಲ್ಲರೂ ಭೌತಶಾಸ್ತ್ರಕ್ಕೆ ಒಪ್ಪಿಸಿಬಿಟ್ಟಿದ್ದರು. ಆದರೆ ಜುಲೈ 24ರಂದು ಆಪಲ್, ಬಿಸಿ ನಿಭಾಯಿಸುವ ಫರ್ಮ್‌ವೇರ್‌ನಲ್ಲಿ ಒಂದು ಡಿಜಿಟಲ್ ಕೀ ಬಿಟ್ಟುಹೋಗಿತ್ತು ಎಂದು ಒಪ್ಪಿಕೊಂಡು ಅಪ್‌ಡೇಟ್ ಕೊಟ್ಟಿತು, ವೇಗ ಮರಳಿತು. ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳ ಕಥೆಯೂ ಇದೇ ಜಾತಿಯದು. ವಿಂಡೋಸ್‌ನಲ್ಲಿ ಸರಿಯಾಗಿದ್ದವು ಲಿನಕ್ಸ್ ಹಾಕಿದರೆ ಸುಮಾರು 80 ಡಿಗ್ರಿಗೇ ವೇಗ ಇಳಿಸುತ್ತಿದ್ದವು. ಬಳಕೆದಾರರೇ ಆ ಅಂಕಿಯನ್ನು ಮತ್ತೆ ಮತ್ತೆ ತಿದ್ದುವ ಪುಟ್ಟ ಪ್ರೋಗ್ರಾಂ ಬರೆದುಕೊಂಡರು.

ಇನ್ನೊಂದು ಪ್ರಕರಣ ಇನ್ನೂ ಸೂಕ್ಷ್ಮ. ಚಿಪ್ಪಿಗೆ ಹೋಗುವ ವೋಲ್ಟೇಜನ್ನು ತುಸು ಇಳಿಸಿ ಯಂತ್ರವನ್ನು ತಂಪಾಗಿಟ್ಟುಕೊಳ್ಳುವ ಅಭ್ಯಾಸ ಬಹಳ ಜನರಲ್ಲಿತ್ತು. ಬಿಸಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಸ್ವಲ್ಪ ಇಳಿಸಿದರೂ ಲಾಭ ದೊಡ್ಡದು. 2019ರ ಡಿಸೆಂಬರ್‌ನಲ್ಲಿ ‘ಪ್ಲಂಡರ್‌ವೋಲ್ಟ್’ ಎಂಬ ದಾಳಿ ಬಯಲಾಯಿತು. ಅದೇ ವೋಲ್ಟೇಜ್ ಸೌಲಭ್ಯವನ್ನು ಬಳಸಿ ಚಿಪ್ಪಿನ ಗುಪ್ತ ಭಾಗದಿಂದ ಕೀಲಿಗಳನ್ನು ಕದಿಯಬಹುದಿತ್ತು. ಬಯೋಸ್ ಅಪ್‌ಡೇಟ್ ಬಂದು ಆ ಬಾಗಿಲು ಮುಚ್ಚಿತು. ತಂಪಾಗಿದ್ದ ಯಂತ್ರಗಳು ಹಳೆಯ ಬಿಸಿಗೆ ಮರಳಿದವು. ಇಲ್ಲಿ ಅಪ್‌ಡೇಟೇ ಬಿಸಿಗೆ ಕಾರಣ ಎಂಬುದರಲ್ಲಿ ಅನುಮಾನವೇ ಇಲ್ಲ. ಆದರೆ ಕಂಪನಿ ತಪ್ಪು ಮಾಡಿತು ಎನ್ನಲೂ ಆಗುವುದಿಲ್ಲ.

ಧೂಳು, ಪೇಸ್ಟು, ಹವೆ

ರಿಪೇರಿ ಬೆಂಚಿನ ಹಿಂದೆ ಕೂತವರು ಎರಡನೆಯ ಪಂಗಡ. ಅವರ ಕೈಗೆ ಸಿಗುವುದನ್ನು ಕಂಡರೆ ಅವರ ಮಾತನ್ನು ತಳ್ಳಿಹಾಕಲಾಗದು. ಬೇಸಿಗೆಯ ಕೆಂಪು ಧೂಳು, ಬಚ್ಚಲೊಲೆಯ ಮತ್ತು ಅಡಿಕೆ ಬೇಯಿಸುವ ಒಲೆಯ ಮಸಿ, ಮಳೆಗಾಲದ ತೇವ ಸೇರಿ ಫ್ಯಾನಿನ ಮುಂದಿನ ಸಣ್ಣ ಸಂದುಗಳಲ್ಲಿ ಕಂಬಳಿಯಂಥದೇ ಒಂದು ಪದರ ಕಟ್ಟುತ್ತದೆ. ಬಿಟ್ಟು ಹೋದ ಲ್ಯಾಪ್‌ಟಾಪಿನ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದು ಮಲೆನಾಡಿಗರಿಗೆ ಹೊಸದಲ್ಲ. ಮಳೆಯ ಚಳಿಗೆ ನಿಜವಾದ ಕಂಬಳಿಯ ಮೇಲೇ ಯಂತ್ರ ಇಟ್ಟು ಕೂತರೆ ಕೆಳಗಿನಿಂದ ಗಾಳಿ ಎಳೆಯುವ ದಾರಿ ಮುಚ್ಚುತ್ತದೆ. ಚಿಪ್ಪಿಗೂ ತಾಮ್ರಕ್ಕೂ ನಡುವಿನ ಪೇಸ್ಟು ನಾಲ್ಕೈದು ವರ್ಷಕ್ಕೆ ಒಣಗಿ ಬಿರಿಯುತ್ತದೆ.

ಹವೆಯ ಪಾಲೆಷ್ಟು? ಲೆಕ್ಕ ಹಾಕಿ ನೋಡಿದೆ. ಚಿಪ್ಪಿನ ಮಿತಿ 95 ಡಿಗ್ರಿ ಎನ್ನಿ. ಜನವರಿಯಲ್ಲಿ ಕೋಣೆ 22 ಡಿಗ್ರಿ ಇದ್ದರೆ ಬಿಸಿ ಹೊರಹಾಕಲು 73 ಡಿಗ್ರಿಯ ಅಂತರ ಸಿಗುತ್ತದೆ. ಏಪ್ರಿಲ್‌ನಲ್ಲಿ ತಗಡಿನ ಮಾಡಿನ ಕೋಣೆ 34 ಆದರೆ ಅಂತರ 61ಕ್ಕೆ ಇಳಿಯುತ್ತದೆ. ಅಂದರೆ ಅದೇ ಫ್ಯಾನು ಶೇಕಡಾ 16ರಷ್ಟು ಕಡಿಮೆ ವ್ಯಾಟ್ ಮಾತ್ರ ಹೊರಹಾಕಬಲ್ಲದು. ವೇಗ ಇಳಿಸಿದಾಗ ವೋಲ್ಟೇಜೂ ಇಳಿಯುವುದರಿಂದ ವೇಗದ ನಷ್ಟ ಅಷ್ಟಾಗುವುದಿಲ್ಲ, ಶೇಕಡಾ ಆರೇಳರ ಒಳಗೇ ಉಳಿಯಬೇಕು. ಹಾಗಾಗಿ ಬೇಸಿಗೆ ಒಂದಿಷ್ಟು ನಿಧಾನವನ್ನು ವಿವರಿಸುತ್ತದೆ, 12 ನಿಮಿಷ 40 ಆಗುವುದನ್ನು ವಿವರಿಸುವುದಿಲ್ಲ. ಘಟ್ಟದ ಎತ್ತರದ ತೆಳು ಗಾಳಿಯನ್ನು ದೂರುವವರೂ ಇದ್ದಾರೆ. ಬೆಂಗಳೂರು ಶಿರಸಿಗಿಂತ ಎತ್ತರದಲ್ಲಿದೆ ಎಂಬುದಷ್ಟೇ ಅದಕ್ಕೆ ಉತ್ತರ.

ಈ ಪಂಗಡ ಹೇಳುವುದು ಬಹುತೇಕ ಸರಿ. ಆದರೆ ‘ಅಪ್‌ಡೇಟಿಗೂ ಬಿಸಿಗೂ ಸಂಬಂಧವೇ ಇಲ್ಲ’ ಎಂದು ಅವರು ಕೊನೆಗೆ ಸೇರಿಸುವ ಮಾತು ಮಾತ್ರ ಸರಿಯಲ್ಲ. ವರ್ಷಗಳಿಂದ ಕಟ್ಟಿದ ಧೂಳನ್ನು ಹಳೆಯ ಫರ್ಮ್‌ವೇರ್ ಫ್ಯಾನ್ ಜೋರು ಮಾಡಿ ಮುಚ್ಚಿಟ್ಟಿರಬಹುದು. ಹೊಸದು ಸದ್ದು ಕಡಿಮೆ ಮಾಡಲು ಹೋಗಿ ಅದನ್ನು ಬಯಲು ಮಾಡಿರಬಹುದು. ಆಗ ಎರಡೂ ಕಾರಣವೇ.

ಭದ್ರತೆಗೆ ತೆತ್ತ ಬೆಲೆ

ಮೂರನೆಯ ವಿವರಣೆ ಭದ್ರತೆಯದು. 2018ರ ಜನವರಿ 3ರಂದು ‘ಮೆಲ್ಟ್‌ಡೌನ್’, ‘ಸ್ಪೆಕ್ಟರ್’ ದೋಷಗಳು ಪ್ರಕಟವಾದವು. ಪ್ರೊಸೆಸರ್ ವೇಗಕ್ಕಾಗಿ ಮುಂದಿನ ಹೆಜ್ಜೆಯನ್ನು ಊಹಿಸಿ ಕೆಲಸ ಶುರು ಮಾಡುತ್ತದೆ. ಆ ಊಹೆಯೇ ಗುಟ್ಟು ಸೋರುವ ತೂತು ಎಂದಾಯಿತು. ಮುಚ್ಚುವುದೆಂದರೆ ಊಹೆಗೆ ಕಡಿವಾಣ ಹಾಕುವುದು, ಎಂದರೆ ವೇಗ ಬಿಟ್ಟುಕೊಡುವುದು. 2016ರ ಆಸುಪಾಸಿನ ಯಂತ್ರಗಳಲ್ಲಿ ವಿಂಡೋಸ್ 10 ಇದ್ದರೆ ನಷ್ಟ ಒಂದಂಕಿಯ ಶೇಕಡಾದಲ್ಲಿ, ಹಳೆಯವುಗಳಲ್ಲಿ ಹೆಚ್ಚು ಎಂದು ಮೈಕ್ರೋಸಾಫ್ಟ್ ಹೇಳಿತು. ಅವಸರದ ಮೈಕ್ರೋಕೋಡ್‌ನಿಂದ ಯಂತ್ರಗಳು ತಾವಾಗಿ ರೀಬೂಟ್ ಆಗತೊಡಗಿ, ಜನವರಿ 22ರಂದು ಇಂಟೆಲ್ ತಾನೇ ಕೊಟ್ಟ ಅಪ್‌ಡೇಟನ್ನು ಹಾಕಬೇಡಿ ಎನ್ನಬೇಕಾಯಿತು. 2023ರ ಆಗಸ್ಟ್‌ನಲ್ಲಿ ‘ಡೌನ್‌ಫಾಲ್’ ಬಂತು. ಕೆಲವು ಬಗೆಯ ಲೆಕ್ಕಾಚಾರದಲ್ಲಿ ನಷ್ಟ ಶೇಕಡಾ 50ರವರೆಗೂ ಹೋಗಬಹುದೆಂದು ಹೇಳಲಾಯಿತು, ದಿನದ ಬಳಕೆಯಲ್ಲಿ ಅದು ಕಾಣುವುದು ಅಪರೂಪ. ಈ ವಿವರಣೆ ವೇಗದ ಬಗ್ಗೆ ಉತ್ತರ ಕೊಡುತ್ತದೆ, ಬಿಸಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಬೇಕೆಂದೇ ನಿಧಾನ ಮಾಡುತ್ತಾರೆ ಎಂಬ ಅನುಮಾನ

ಈ ಅನುಮಾನಕ್ಕೆ ಬಲ ಕೊಟ್ಟದ್ದು ಲ್ಯಾಪ್‌ಟಾಪಲ್ಲ, ಫೋನು. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ಇಳಿಸಿದ್ದನ್ನು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ದುರ್ಬಲ ಬ್ಯಾಟರಿಯಿಂದ ಫೋನು ಹಠಾತ್ ಆರಿಹೋಗುವುದನ್ನು ತಪ್ಪಿಸಲು ಹೀಗೆ ಮಾಡಿದ್ದಾಗಿ ಅದು ಹೇಳಿತು. ಬಳಕೆದಾರರಿಗೆ ತಿಳಿಸಲಿಲ್ಲವೆಂದು ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೊ ದಂಡ ಹಾಕಿತು. ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗಿನ ರಾಜಿಯಾಯಿತು. ಹೊಸ ಯಂತ್ರ ಕೊಳ್ಳಲೆಂದು ಹಳೆಯದನ್ನು ಕೊಲ್ಲುತ್ತಾರೆ ಎಂಬ ಮಾತಿಗೆ ಲ್ಯಾಪ್‌ಟಾಪ್ ಫರ್ಮ್‌ವೇರ್‌ನಲ್ಲಿ ನನಗೆ ಪುರಾವೆ ಕಂಡಿಲ್ಲ. ಆದರೆ ಜನ ಹಾಗೆ ಅನುಮಾನಿಸುವುದನ್ನು ಅಜ್ಞಾನ ಎಂದು ನಾನು ಕರೆಯಲಾರೆ. ಅಪ್‌ಡೇಟಿನ ಟಿಪ್ಪಣಿಯಲ್ಲಿ ‘ಸಿಸ್ಟಂ ಸ್ಥಿರತೆ ಸುಧಾರಿಸಲಾಗಿದೆ’ ಎಂಬ ಒಂದೇ ಸಾಲು ಬರೆದರೆ ಉಳಿದ ಜಾಗದಲ್ಲಿ ಅನುಮಾನವೇ ಬೆಳೆಯುತ್ತದೆ.

ಯಾರೂ ನೋಡದ ಚಾರ್ಜರ್

ನಮ್ಮ ತಾಲೂಕುಗಳ ಮಟ್ಟಿಗೆ ಅತಿ ಮುಖ್ಯವೆಂದು ನನಗೆ ಕಾಣುವ ಕಾರಣ ಈ ಯಾವ ಪಂಗಡದ ಬಾಯಲ್ಲೂ ಇಲ್ಲ. ಅದು ಕರೆಂಟಿನ ದಾರಿ.

ವೋಲ್ಟೇಜ್ ಇಲ್ಲ, ಅದಕ್ಕೇ ಸ್ಲೋ ಎಂಬ ಮಾತನ್ನು ಮೊದಲು ಬದಿಗಿಡೋಣ. ತೋಟದ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ ಬಲ್ಬು ಕೆಂಪಾದರೂ ಲ್ಯಾಪ್‌ಟಾಪಿನ ಚಾರ್ಜರ್‌ಗೆ ಚಿಂತೆಯಿಲ್ಲ. ಅದರ ಮೈಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಆದರೆ ಕರೆಂಟು ಹೋಗಿ ಬಂದು ಮಾಡಿದಾಗಲೆಲ್ಲ ಯಂತ್ರ ಬ್ಯಾಟರಿಗೆ ಜಿಗಿಯುತ್ತದೆ. ಬ್ಯಾಟರಿಯಲ್ಲಿದ್ದಾಗಿನ ವ್ಯಾಟ್ ಮಿತಿ ಬೇರೆ. ಹಳೆಯ ಬ್ಯಾಟರಿಯಾದರೆ ಆ ಮಿತಿ ಇನ್ನೂ ಕೆಳಗೆ.

ಇನ್ನು ಚಾರ್ಜರಿನ ಗುರುತು. ಕೆಲವು ಕಂಪನಿಗಳ ಚಾರ್ಜರ್ ಪಿನ್ನಿನ ನಡುವೆ ಒಂದು ಸಣ್ಣ ಸೂಜಿ ಇರುತ್ತದೆ. ನಾನು ಇಷ್ಟು ವ್ಯಾಟಿನವನು ಎಂದು ಚಾರ್ಜರ್ ಹೇಳುವುದು ಆ ಸೂಜಿಯ ಮೂಲಕ. ಟೈಪ್-ಸಿ ಚಾರ್ಜರ್‌ಗಳಲ್ಲೂ ಇಂಥದೇ ಮಾತುಕತೆ ನಡೆಯುತ್ತದೆ. ಉತ್ತರ ಸಿಗದಿದ್ದರೆ ಲ್ಯಾಪ್‌ಟಾಪ್ ಅಪಾಯ ಬೇಡವೆಂದು ಪ್ರೊಸೆಸರನ್ನು ತೀರ ಕೆಳಗಿನ ವೇಗಕ್ಕೆ, 0.8 ಗಿಗಾಹರ್ಟ್ಜ್ ಅಥವಾ ಇನ್ನೂ ಕೆಳಕ್ಕೆ, ಕಟ್ಟಿಹಾಕಬಹುದು. ಚಿಪ್ಪು ಕಾದಾಗ ಬರಬೇಕಾದ ‘ನಿಲ್ಲಿಸು’ ಎಂಬ ಸಂಕೇತವನ್ನೇ ಬೇರೆ ಭಾಗಗಳೂ ಅದರ ಮೇಲೆ ಹೇರಲು ಸಾಧ್ಯ. ಆಗ ಯಂತ್ರ ತಣ್ಣಗೇ ಇರುತ್ತದೆ, ಬಿಸಿಯಾದಂತೆ ವರ್ತಿಸುತ್ತದೆ.

ನನ್ನ ಮನೆಯಲ್ಲಿ ನಡೆದದ್ದು ಇದು. ಮೂಲ ಚಾರ್ಜರಿನ ವೈರನ್ನು ಇಲಿ ಕಡಿದಿತ್ತು. ಪೇಟೆಯಿಂದ ಅಗ್ಗದ ಬದಲಿ ತಂದಿದ್ದೆ. ಅಪ್‌ಡೇಟಿನ ತನಕ ಅದು ಸುಮ್ಮನೆ ಕೆಲಸ ಮಾಡುತ್ತಿತ್ತು. ಅಪ್‌ಡೇಟ್ ಆದ ಮೇಲೆ ವೇಗ 0.8ಕ್ಕೆ ನಿಂತುಬಿಟ್ಟಿತು, ತಾಪಮಾನ 50 ಡಿಗ್ರಿ ದಾಟಲಿಲ್ಲ. ಪರಿಚಯದವರೊಬ್ಬರ ಅಸಲಿ ಚಾರ್ಜರ್ ಸಿಕ್ಕಿಸಿದ ಕೂಡಲೇ ಫ್ಯಾನ್ ಎದ್ದಿತು, ಕೀಲಿಮಣೆ ಕಾಯಿತು, ಕೆಲಸ ಓಡಿತು. ಬಿಸಿ ಮರಳಿದ್ದನ್ನು ಕಂಡು ನನಗೆ ನಿಜವಾಗಿ ಸಮಾಧಾನವಾಯಿತು.

ಮೂರು ಅಂಕಿ ಒಟ್ಟಿಗೆ

ಆದ್ದರಿಂದ ಬಿಸಿ ಮತ್ತು ನಿಧಾನ ಎಂಬ ಎರಡು ದೂರನ್ನು ಒಂದೇ ಎಂದು ಎಣಿಸಬಾರದು. ವೇಗ, ತಾಪಮಾನ, ವ್ಯಾಟ್ ಮೂರನ್ನೂ ಒಂದೇ ಕೆಲಸ ಕೊಟ್ಟು ಒಟ್ಟಿಗೆ ನೋಡಬೇಕು; ತೋರಿಸುವ ಪ್ರೋಗ್ರಾಂಗಳು ಪುಕ್ಕಟೆ ಸಿಗುತ್ತವೆ. 95 ಡಿಗ್ರಿಗೆ ಮುಟ್ಟಿ ನಿಧಾನವಾದರೆ, ಫ್ಯಾನೂ ಜೋರಾಗಿದ್ದರೆ, ಧೂಳು, ಪೇಸ್ಟು. 95 ಇದ್ದೂ ಫ್ಯಾನ್ ಮೌನವಾಗಿದ್ದರೆ ಫ್ಯಾನಿನ ಅಂಕಿ ಬದಲಾಗಿದೆ, ಅಥವಾ ಫ್ಯಾನೇ ಕೆಟ್ಟಿದೆ. 65-70 ಡಿಗ್ರಿಯಲ್ಲೇ ವ್ಯಾಟ್ ಒಂದು ಗೆರೆಗೆ ಅಂಟಿಕೊಂಡಿದ್ದರೆ ಯಾರೋ ಮಿತಿ ಹಾಕಿದ್ದಾರೆ. ತಣ್ಣಗಿದ್ದು ತೀರ ಕೆಳಗಿನ ವೇಗದಲ್ಲಿ ಅಲುಗಾಡದೆ ನಿಂತಿದ್ದರೆ ಮೊದಲು ಚಾರ್ಜರ್, ಆಮೇಲೆ ಬ್ಯಾಟರಿ. ಅಂಗಡಿಗೆ ಹೋಗುವ ಮುನ್ನ ಇಷ್ಟು ತಿಳಿದಿದ್ದರೆ ಬೇಡದ ಪೇಸ್ಟಿಗೂ ಬೇಡದ ವಿಂಡೋಸ್ ಮರುಸ್ಥಾಪನೆಗೂ ದುಡ್ಡು ಹೋಗುವುದಿಲ್ಲ.

ಇನ್ನೂ ತೀರದ ವಿಷಯ

ಮಾರಿದ ಮೇಲೆ ಯಂತ್ರದ ವೇಗದ ಮೇಲೆ ಹಕ್ಕು ಯಾರದು? ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೋಷಪೂರಿತ ಸರಕು, ಅನುಚಿತ ವ್ಯಾಪಾರ ಎಂಬ ಮಾತುಗಳಿವೆ. ಆದರೆ ಕೊಂಡ ದಿನ ಸರಿಯಿದ್ದು ಮೂರನೆಯ ವರ್ಷ ದೂರದಿಂದ ಬಂದ ಒಂದು ಅಂಕಿಯಿಂದ ನಿಧಾನವಾದದ್ದು ಯಾವ ಮಾತಿನೊಳಗೆ ಬರುತ್ತದೆ? ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿಯ ಹಕ್ಕಿ’ಗೆ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಬಿಡಿಭಾಗ, ಕೈಪಿಡಿಗಳ ಪ್ರಶ್ನೆ ಅಲ್ಲಿ ಎದ್ದಿದೆ. ಹಳೆಯ ಫರ್ಮ್‌ವೇರ್‌ಗೆ ಹಿಂದಿರುಗುವ ಹಕ್ಕು ಅದರ ಜೊತೆಗೆ ಸೇರಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಇದಕ್ಕೆ ಎದುರಾಗಿ ಭದ್ರತೆಯವರ ವಾದ ನಿಲ್ಲುತ್ತದೆ: ಹಿಂದಿರುಗುವ ದಾರಿ ಬಿಟ್ಟರೆ ಮುಚ್ಚಿದ ತೂತೂ ಮತ್ತೆ ತೆರೆಯುತ್ತದೆ. ಈ ಕಾರಣಕ್ಕೇ ಅನೇಕ ಯಂತ್ರಗಳು ಹಿಂದಿನ ಆವೃತ್ತಿಯನ್ನು ಒಪ್ಪುವುದಿಲ್ಲ. ಈ ವಾದವೂ ಸುಳ್ಳಲ್ಲ.

ಬಿಸಿ ಆಯುಷ್ಯವನ್ನು ಎಷ್ಟು ತಿನ್ನುತ್ತದೆ ಎಂಬುದೂ ಪೂರ್ತಿ ತೀರ್ಮಾನವಾಗಿಲ್ಲ. ಬ್ಯಾಟರಿಗೆ ಬಿಸಿ ಶತ್ರು ಎಂಬುದರಲ್ಲಿ ಭಿನ್ನಮತವಿಲ್ಲ. ಚಿಪ್ಪಿನ ವಿಷಯದಲ್ಲಿ 95 ಡಿಗ್ರಿ ವಿನ್ಯಾಸದೊಳಗಿನದೇ ಎಂದು ತಯಾರಕರು ಹೇಳುತ್ತಾರೆ. ಕಾದು ಆರಿ, ಕಾದು ಆರಿ ಬೆಸುಗೆ ಬಿರಿಯುವುದನ್ನು ರಿಪೇರಿಯವರು ತೋರಿಸುತ್ತಾರೆ. 2008ರಲ್ಲಿ ಎನ್ವಿಡಿಯಾ ಲ್ಯಾಪ್‌ಟಾಪ್ ಚಿಪ್ಪುಗಳ ಇಂಥ ದೋಷಕ್ಕೆ 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು.

ನನ್ನದೇ ಲೆಕ್ಕವೂ ಪೂರ್ತಿ ಮುಗಿದಿಲ್ಲ. ಆಮೇಲೆ ಕೊಂಡ ಹೊಸ ಅಸಲಿ ಚಾರ್ಜರಿನಲ್ಲಿ ಅದೇ ಒಂದು ಗಂಟೆಯ ತಾಳಮದ್ದಳೆಗೆ 15 ನಿಮಿಷ ಹಿಡಿಯುತ್ತದೆ, ಮೊದಲಿನ 12 ಅಲ್ಲ. ಆ ಮೂರು ನಿಮಿಷದಲ್ಲಿ ಏಪ್ರಿಲ್‌ನದೆಷ್ಟು, ಐದು ವರ್ಷದ ಪೇಸ್ಟಿನದೆಷ್ಟು, ಹೊಸ ಫರ್ಮ್‌ವೇರ್‌ನದೆಷ್ಟು? 12 ನಿಮಿಷ ಎಂದು ಅಳೆದದ್ದು ಪುಷ್ಯ ಮಾಸದ ಚಳಿಯಲ್ಲಿ. ಆಗ ಎಷ್ಟು ಡಿಗ್ರಿ, ಎಷ್ಟು ವ್ಯಾಟ್ ಎಂದು ಬರೆದಿಟ್ಟಿರಲಿಲ್ಲ. ಈಗ ಅಂಕಿಗಳನ್ನು ತೋಟದ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದೇನೆ. ಮುಂದಿನ ಜನವರಿಯಲ್ಲಿ ಅದೇ ರೆಕಾರ್ಡಿಂಗನ್ನು ಅದೇ ಜಗುಲಿಯಲ್ಲಿ ಇನ್ನೊಮ್ಮೆ ಓಡಿಸಿ ನೋಡಬೇಕು, ನಡುವೆ ಇನ್ನೊಂದು ಅಪ್‌ಡೇಟ್ ಬಾರದಿದ್ದರೆ.